ಬಾಯಲ್ಲಿ ಟಾರ್ಚು

ಜುಲೈ 3, ಗುರುವಾರ

ಬರೆಯುವ ಚಟ ನನ್ನದಲ್ಲ. ಸ್ಪ್ಯಾನರು ಹಿಡಿದು ಹಿಡಿದು ಒರಟಾದ ಕೈಯಲ್ಲಿ ಪೆನ್ನು ನಿಲ್ಲುವುದೂ ಇಲ್ಲ. ಆದರೆ ಸಂಜೆ ಗ್ಯಾರೇಜಿನ ಶಟರ್ ಎಳೆದು ಮನೆಗೆ ಬಂದರೆ ಮಾತಾಡಲು ಯಾರೂ ಇಲ್ಲ. ತಮ್ಮ ಇದ್ದಾನೆ, ಕಣ್ಣೆದುರಿಗೇ ಕೂತಿರುತ್ತಾನೆ. ಆದರೆ ಮೆದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡು ಅವನ ಬಲಗೈ ಸೋತಿತು, ಅದರ ಜೊತೆಗೆ ನಾಲಿಗೆಯೂ ಸೋತಿತು. ಈಗ ಅವನು ಒಂದು ಪದ ಹುಡುಕಿ ತರುವಷ್ಟರಲ್ಲಿ ಟೀ ಆರಿಹೋಗುತ್ತದೆ. ಆರಿದ ಟೀ ನನಗೆ ಸೇರುವುದಿಲ್ಲ.

ಇವನನ್ನು ಬೀದಿಯವರೆಲ್ಲ ರೇಡಿಯೋ ಎಂದು ಕರೆಯುತ್ತಿದ್ದರು. ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೂ ಹಾಡು, ಹರಟೆ, ಯಾರ ಮನೆಯಲ್ಲಿ ಯಾರಿಗೆ ಯಾರ ಜೊತೆ ಮಾತಿಲ್ಲ ಎಂಬ ವರದಿ. ಅಪ್ಪ ಬಿಟ್ಟುಹೋದ ಗ್ಯಾರೇಜನ್ನು ನಾವಿಬ್ಬರೂ ಹಂಚಿಕೊಂಡು ನಡೆಸುತ್ತಿದ್ದೆವು. ಎಂಜಿನ್ ಬಿಚ್ಚಿ ಕಟ್ಟುವುದು ನನ್ನ ಪಾಲು. ವೈರು, ಸೆನ್ಸರು, ಸ್ಕ್ಯಾನರು ಅವನ ಪಾಲು. ಈಗ ಎರಡೂ ನನ್ನ ತಲೆ ಮೇಲೆ.

ಇವತ್ತು ಅವನಿಗೆ ನೀರು ಬೇಕಿತ್ತು, ಕೊಟ್ಟೆ. ಫ್ಯಾನು ಬೇಕಿತ್ತು, ಹಾಕಿದೆ. ಅವನು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿಬಿಡುತ್ತದೆ. ಒಡಹುಟ್ಟಿದವಳಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು?

ಜುಲೈ 4, ಶುಕ್ರವಾರ

ಮಾತಿನ ಟೀಚರು ತಡವಾಗಿ ಬಂದರು. ಇವನಿಗೆ ಮತ್ತೆ ಮಾತು ಕಲಿಸಲು ಆಸ್ಪತ್ರೆಯವರು ಗೊತ್ತುಮಾಡಿಕೊಟ್ಟ ಹೆಂಗಸು, ಮಂಗಳವಾರ ಮತ್ತು ಶುಕ್ರವಾರ ಬರುತ್ತಾರೆ. ಮನೆಗೆ ಬರುವುದು ಬೇಡ, ಗ್ಯಾರೇಜಿಗೇ ಬನ್ನಿ ಎಂದಿದ್ದೇನೆ. ಇವನನ್ನು ಒಬ್ಬನನ್ನೇ ಮನೆಯಲ್ಲಿ ಬಿಡಲಾಗದೆ ದಿನಾ ಜೊತೆಗೆ ಕರೆದುಕೊಂಡು ಬರುತ್ತೇನಲ್ಲ. ಬಾಗಿಲ ಬಳಿ ಗಾಳಿ ಬರುವ ಕಡೆ ಅವನ ಕುರ್ಚಿ ಹಾಕಲೆಂದು, ಅಲ್ಲಿದ್ದ, ಕಬ್ಬಿಣ ಉಜ್ಜುವ ಗ್ರೈಂಡರನ್ನು ಒಳಗೆ ಬೀರುವಿನ ಪಕ್ಕಕ್ಕೆ ಸರಿಸಿದ್ದೇನೆ.

ಟೀಚರು ತಡವಾಗಿದ್ದಕ್ಕೆ ಕಾರಣ ಅವರ ಕಾರು. ನಡುರಸ್ತೆಯಲ್ಲಿ ಇದ್ದಕ್ಕಿದ್ದಂತೆ ನಿಂತುಹೋಯಿತಂತೆ. ಎಂಜಿನ್ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತಂತೆ. ಸ್ಕ್ಯಾನರು ಹಾಕಿದೆ. ಕ್ಯಾಮ್‌ಶಾಫ್ಟ್ ಪೊಸಿಷನ್ ಸೆನ್ಸರು ಕೈಕೊಟ್ಟಿದೆ ಎಂದಿತು. ಬಿಚ್ಚಿ ನೋಡಿದರೆ ಬಿಸಿಗೆ ಬೆಂದು ಅದರ ಪ್ಲಾಸ್ಟಿಕ್ಕು ಸೀಳುಬಿಟ್ಟಿತ್ತು. ಹೊಸದು ತರಿಸಿ, ಅಪ್ಪ ಮಾಡುತ್ತಿದ್ದಂತೆ ಬೀರುವಿನ ಬಾಗಿಲಿಗೆ ಅಂಟಿಸಿ ನೋಡಿದೆ. ಸೆನ್ಸರಿನೊಳಗೆ ಆಯಸ್ಕಾಂತ ಇರುತ್ತದೆ. ಕಚ್ಚಿಕೊಂಡರೆ ಅಸಲಿ, ಜಾರಿ ಬಿದ್ದರೆ ನಕಲಿ. ಚೆನ್ನಾಗಿ ಕಚ್ಚಿಕೊಂಡಿತು. ಹಾಕಿ ಕಳಿಸಿದೆ.

ಹೊರಡುವಾಗ ಟೀಚರು ಒಂದು ಮಾತು ಹೇಳಿದರು. "ಅಕ್ಕಾ, ಅವ್ರ ವಾಕ್ಯ ನೀವು ಮುಗಿಸ್ಬೇಡಿ. ಸ್ವಲ್ಪ ಕಾಯಿರಿ."

ನನಗೆ ರೇಗಿತು. ಕಷ್ಟಪಡುತ್ತಿರುವವನಿಗೆ ಸಹಾಯ ಮಾಡುವುದೂ ತಪ್ಪಾ?

ಜುಲೈ 7, ಸೋಮವಾರ

ಪಕ್ಕದ ಟೈರ್ ಅಂಗಡಿ ಸಾಹುಕಾರರು ಬಂದಿದ್ದರು. ಅವರ ಅಂಗಡಿ ದೊಡ್ಡದು ಮಾಡಬೇಕಂತೆ, ನಮ್ಮ ಜಾಗ ಬೇಕಂತೆ. "ಒಬ್ರೇ ಎಷ್ಟು ದಿನ ಅಂತ ಒದ್ದಾಡ್ತೀರಿ ಅಕ್ಕಾ? ಈ ತಿಂಗ್ಳ ಕೊನೇಲಿ ಬರ್ತೀನಿ, ಒಂದು ಮಾತು ಹೇಳ್ಬಿಡಿ" ಎಂದರು. ಒಳ್ಳೆಯ ಮನುಷ್ಯರೇ. ನನಗೂ ಸಾಕಾಗಿದೆ. ವೈರಿಂಗಿನ ಕೆಲಸ ಬಂದರೆ ಗಿರಾಕಿಗಳನ್ನು ಬೇರೆ ಕಡೆ ಕಳಿಸುತ್ತಿದ್ದೇನೆ.

ತಮ್ಮನಿಗೆ ವಿಷಯ ಹೇಳಿದೆ. ಗ್ಯಾರೇಜು ಕೊಟ್ಟುಬಿಡೋಣ, ನೀನೂ ಆರಾಮಾಗಿ ಮನೆಯಲ್ಲಿರು ಎಂದೆ. ಸುಮ್ಮನಿದ್ದ. ಸುಮ್ಮನಿದ್ದ ಎಂದರೆ ಒಪ್ಪಿದ ಎಂದೇ. ನಿನಗೂ ಅದೇ ಸರಿ ಅನ್ನಿಸುತ್ತೆ ಅಲ್ವಾ ಎಂದು ನಾನೇ ಕೇಳಿ ನಾನೇ ಹೂಂ ಎಂದೆ.

ಜುಲೈ 11, ಶುಕ್ರವಾರ

ಟೀಚರು ಇವತ್ತು ಕಾರು ಓಡಿಸಿಕೊಂಡು ಬರಲಿಲ್ಲ, ಇನ್ನೊಂದು ಗಾಡಿಯ ಹಿಂದೆ ಎಳೆಸಿಕೊಂಡು ಬಂದರು. ದಾರಿಯಲ್ಲಿ ಮತ್ತೆ ನಿಂತಿದೆ. ಪುಣ್ಯಾತ್ಮರ್ಯಾರೋ ಹಗ್ಗ ಕಟ್ಟಿ ಎಳೆದು ತಂದು ಬಿಟ್ಟುಹೋದರು. ಸ್ಕ್ಯಾನರಿನಲ್ಲಿ ಮತ್ತೆ ಅದೇ ಸೆನ್ಸರಿನ ಹೆಸರು. ಹಾಕಿದ ಹೊಸದು ಒಂದು ವಾರವೂ ಬಾಳಲಿಲ್ಲ! ನನಗೆ ನಾಚಿಕೆಯಾಯಿತು.

"ಅಷ್ಟು ಸಣ್ಣ ವಸ್ತು ಏನ್ ಮಾಡತ್ತೆ ಅಕ್ಕಾ ಅಲ್ಲಿ?" ಎಂದು ಟೀಚರು ಕೇಳಿದರು. ಕೇಳುವವರು ಸಿಕ್ಕರೆ ನನಗೂ ಹೇಳುವ ಉಮೇದು. ಹಳೆಯ ಪಿಸ್ಟನ್ನೊಂದನ್ನು ಕೈಯಲ್ಲಿ ಹಿಡಿದು ತೋರಿಸಿದೆ.

ಪಿಸ್ಟನ್ನು ಎರಡು ಸಲ ಮೇಲೆ ಬರುತ್ತದೆ. ಒಂದು ಸಲ ಒಳಗೆಳೆದುಕೊಂಡ ಗಾಳಿ ಪೆಟ್ರೋಲನ್ನು ಒತ್ತಿ ಹಿಡಿದುಕೊಂಡು ಬರುತ್ತದೆ. ಆಗ ಕಿಡಿ ಕೊಡಬೇಕು. ಇನ್ನೊಂದು ಸಲ ಸುಟ್ಟ ಹೊಗೆಯನ್ನು ಹೊರಗೆ ದಬ್ಬಲು ಬರುತ್ತದೆ. ಆಗ ಕಿಡಿ ಕೊಟ್ಟು ಏನೂ ಪ್ರಯೋಜನವಿಲ್ಲ. ಕೆಳಗೆ ಕ್ರ್ಯಾಂಕ್‌ಶಾಫ್ಟಿನ ಹತ್ತಿರವೂ ಒಂದು ಸೆನ್ಸರು ಇದೆ, ಪಿಸ್ಟನ್ನು ಮೇಲೆ ಬಂತು ಎಂದು ಅದು ಕರಾರುವಾಕ್ಕಾಗಿ ಹೇಳುತ್ತದೆ. ಆದರೆ ಯಾವ ಬರುವಿಕೆ ಎಂದು ಅದಕ್ಕೆ ತಿಳಿಯದು. ಕೆಳಗಿನಿಂದ ನೋಡಿದರೆ ಎರಡೂ ಒಂದೇ ಥರ. ಕ್ರ್ಯಾಂಕು ಎರಡು ಸುತ್ತು ತಿರುಗುವಾಗ ಮೇಲಿನ ಕ್ಯಾಮ್‌ಶಾಫ್ಟು ಒಂದೇ ಸುತ್ತು ತಿರುಗುತ್ತದೆ, ಹಾಗಾಗಿ ಗುಟ್ಟು ಇರುವುದು ಅದರ ಬಳಿ. ಕ್ಯಾಮಿನ ತುದಿಯಲ್ಲಿ ಹಲ್ಲಿನ ಚಕ್ರ, ಹಲ್ಲುಗಳು ಒಂದು ಅಗಲ ಒಂದು ಸಣ್ಣ. ಅದರ ಎದುರು, ಮುಟ್ಟಿಯೂ ಮುಟ್ಟದಷ್ಟು ಸಂದಿ ಬಿಟ್ಟು, ಈ ಸೆನ್ಸರು ಕೂತಿರುತ್ತದೆ. ಕಬ್ಬಿಣದ ಹಲ್ಲು ಎದುರು ಹಾದಾಗೆಲ್ಲ ಆಯಸ್ಕಾಂತದ ಸೆಳೆತ ಬದಲಾಗುತ್ತದೆ, ಸೆನ್ಸರು ಅದನ್ನು ಗುರುತಿಸಿ ವೈರಿನಲ್ಲಿ ಸುದ್ದಿ ಕಳಿಸುತ್ತದೆ. ಕಂಪ್ಯೂಟರು ಮೇಲಿನ ಸುದ್ದಿ ಕೆಳಗಿನ ಸುದ್ದಿ ಎರಡನ್ನೂ ಕೂಡಿಸಿ, ಇದು ಕಿಡಿ ಕೊಡುವ ಹೊತ್ತು, ಇದು ಬಿಡುವ ಹೊತ್ತು ಎಂದು ತೀರ್ಮಾನಿಸುತ್ತದೆ. ಈ ಕಾರಿನ ಕಂಪ್ಯೂಟರು ಪುಕ್ಕಲ. ಮೇಲಿನ ಸುದ್ದಿ ತಪ್ಪಿದರೆ ಎಂಜಿನ್ನನ್ನೇ ಆರಿಸಿಬಿಡುತ್ತದೆ.

"ಅಂದ್ರೆ ಮೇಲೆ ಬಂದಾಗೆಲ್ಲ ಕಿಡಿ ಕೊಡ್ಬಾರ್ದು ಅನ್ನಿ. ಒಂದೊಂದ್ಸಲ ಸುಮ್ನೆ ಬಿಡ್ಬೇಕು" ಎಂದರು ಟೀಚರು, ತಮ್ಮನ ಕಡೆ ನೋಡುತ್ತಾ. ಅವನು ನಕ್ಕ. ಇಬ್ಬರೂ ನಕ್ಕರು. ಎಂಜಿನ್ ಪಾಠದಲ್ಲಿ ನಗುವಂಥದ್ದೇನಿತ್ತೋ.

ಇನ್ನೊಂದು ಹೊಸ ಸೆನ್ಸರು ತರಿಸಿ, ಬೀರುವಿಗೆ ಅಂಟಿಸಿ ನೋಡಿ, ಹಾಕಿದೆ. ತಮ್ಮ ಏನೋ ಹೇಳಲು ಎಡಗೈ ಎತ್ತಿದ. "ಹೊಸ್ದೇ ಹಾಕ್ದೆ ಕಣೋ, ಅಸಲೀನೇ, ನೀನು ಚಿಂತೆ ಮಾಡ್ಬೇಡ" ಎಂದೆ. ಕೈ ಇಳಿಸಿ ಗೋಡೆ ನೋಡತೊಡಗಿದ. ಅವನಿಗೆ ಬೇಗ ಸುಸ್ತಾಗುತ್ತದೆ.

ಜುಲೈ 15, ಮಂಗಳವಾರ

ಮತ್ತೆ ನಿಂತಿದೆ. ಕಾರನ್ನು ಎಳೆಸಿ ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದ್ದಾಯಿತು. ತಲೆ ಕೆಟ್ಟುಹೋಯಿತು.

ಟೀಚರು ಬೈಯಲಿಲ್ಲ, ಅದೇ ಸಂಕಟ. ಬಾಡಿಗೆ ಗಾಡಿ ಹಿಡಿದು ಬಂದರು, ಪಾಠ ಮಾಡಿದರು, ಹೋಗುವಾಗ ಮೆಲ್ಲಗೆ ಹೇಳಿದರು. "ಅಕ್ಕಾ, ಕಾರಿಲ್ದೆ ಈ ಕಡೆ ಬರೋದು ತುಂಬಾ ಕಷ್ಟ. ಬೇರೆ ಯಾರನ್ನಾದ್ರೂ ಗೊತ್ತುಮಾಡ್ಬೇಕಾಗತ್ತೋ ಏನೋ. ಈಗೀಗ ತಾನೆ ಇವ್ರು ನನ್ನ ಹತ್ರ ಬಾಯಿ ಬಿಡ್ತಿದಾರೆ."

ನಿಮ್ಮ ಹತ್ತಿರ ಬಾಯಿ ಬಿಡುತ್ತಾನೆ, ನನ್ನ ಹತ್ತಿರ ಬಿಡುವುದಿಲ್ಲ. ಹಾಗೆಂದು ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಹೊಟ್ಟೆ ಉರಿಯಿತು.

ಜುಲೈ 16, ಬುಧವಾರ

ಮನಸ್ಸು ಸರಿಯಿಲ್ಲ. ಗ್ಯಾರೇಜು ಕೊಟ್ಟುಬಿಡುವುದೇ ಸರಿ. ತಮ್ಮನಿಗೂ ಒಪ್ಪಿಗೆ ಎಂದು ಸಾಹುಕಾರರ ಕಿವಿಗೆ ಹಾಕಿದೆ.

ಜುಲೈ 18, ಶುಕ್ರವಾರ

ಕೊಡುವ ಮೊದಲು ಈ ಕಾರನ್ನೊಂದು ಸರಿಮಾಡದಿದ್ದರೆ ನನ್ನ ಹೆಸರಿಗೇ ಕಳಂಕ. ಟೈಮಿಂಗ್ ಚೈನು ಸಡಿಲವಾಗಿ ಕ್ಯಾಮೂ ಕ್ರ್ಯಾಂಕೂ ಹೊಂದಿಕೆ ತಪ್ಪಿದೆಯೇನೋ ಎಂದು ಇಡೀ ದಿನ ಕೂತು ಮುಂದಿನ ಕವರು ಬಿಚ್ಚಿದೆ. ಎರಡರ ಗುರುತುಗಳೂ ಎದುರುಬದುರು ಸರಿಯಾಗಿ ನಿಂತಿದ್ದವು. ಚೈನು ಬಿಗಿಯಾಗಿತ್ತು. ಹಲ್ಲಿನ ಚಕ್ರ ನೆಟ್ಟಗಿತ್ತು. ಎಲ್ಲವೂ ಸರಿಯಿದ್ದರೆ ತಪ್ಪೆಲ್ಲಿದೆ?

ತಮ್ಮ ಇನ್ನೂ ಆ ರೇಡಿಯೋ ಆಗಿದ್ದರೆ ಇಷ್ಟು ಹೊತ್ತಿಗೆ ಇದನ್ನು ಹಾಡು ಹೇಳುತ್ತಾ ಹಿಡಿದುಬಿಡುತ್ತಿದ್ದ. ಕುರ್ಚಿಯಲ್ಲಿ ಕೂತವನನ್ನು ನೋಡಿ ಕಣ್ಣು ತುಂಬಿತು. ಅವನು ನೋಡಿಬಿಟ್ಟ. ಧೂಳು ಬಿತ್ತು ಎಂದೆ.

ಜುಲೈ 19, ಶನಿವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಕವರು ಮತ್ತೆ ಕಟ್ಟಿದ್ದಾಗಿತ್ತು. ಉಳಿದದ್ದು ಸೆನ್ಸರಿಗೆ ಹೋಗುವ ವೈರು, ಎಲ್ಲಾದರೂ ಉಜ್ಜಿ ಸವೆದಿದೆಯೋ ಎಂದು ನೋಡಬೇಕಿತ್ತು. ಎಂಜಿನ್ನಿನ ಹಿಂದೆ, ಬೆಳಕೇ ಬೀಳದ ಜಾಗ. ಒಂದು ಕೈಯಲ್ಲಿ ವೈರಿನ ಗೊಂಚಲನ್ನು ಪಕ್ಕಕ್ಕೆ ಎತ್ತಿ ಹಿಡಿದೆ, ಇನ್ನೊಂದು ಕೈ ಕನೆಕ್ಟರಿನ ಮೇಲೆ, ಟಾರ್ಚು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಕೈಗಳೆರಡೂ ಬಿಡುವ ಹಾಗಿರಲಿಲ್ಲ.

"ಅಕ್ಕ…" ಎಂದ ತಮ್ಮ ಕುರ್ಚಿಯಿಂದ.

"ಊಂ" ಎಂದೆ. ಅಷ್ಟೇ ಹೇಳಲು ಆಗಿದ್ದು.

"ಅದು… ಅಂಟಿಸಿ…"

ಅಂಟಿಸಿ ನೋಡಿದೀನಿ ಕಣೋ, ಅಸಲೀನೇ, ಎಂಬ ಮಾತು ಗಂಟಲ ತನಕ ಬಂತು. ಬಾಯಲ್ಲಿ ಟಾರ್ಚು. ಜೊಲ್ಲು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಲೂ ಕೈಯಿಲ್ಲ.

"ಅಂಟಿಸ್ತೀಯಲ್ಲ… ಬೀರುಗೆ."

"ಊಂ."

ಆಮೇಲೆ ಸದ್ದಿಲ್ಲ. ಮುಗಿಯಿತು ಎಂದುಕೊಂಡೆ. ಕನೆಕ್ಟರಿನ ಕೊಕ್ಕೆ ಬಿಡಿಸಿದೆ, ಸೆನ್ಸರನ್ನು ಸಡಿಲಿಸುತ್ತಿದ್ದೆ. ಮತ್ತೆ ಶುರುವಾಯಿತು.

"ಗ್ರೈಂಡರ್… ಈಗ… ಅಲ್ಲೇ ಇದೆ. ಪಕ್ಕದಲ್ಲೇ." ಉಸಿರು ತೆಗೆದುಕೊಂಡ. "ಪುಡಿ… ಹಾರತ್ತೆ. ಕಬ್ಬಿಣದ… ಪುಡಿ. ಬಾಗ್ಲ ಮೇಲೆ… ಕೂರತ್ತೆ. ಸೆನ್ಸರ್… ತುದಿ… ನೋಡು."

ಅಷ್ಟು ಹೊತ್ತಿಗೆ ಸೆನ್ಸರು ಕೈಗೆ ಬಂದಿತ್ತು. ಬೆಳಕಿಗೆ ಹಿಡಿದು ನೋಡುತ್ತೇನೆ, ತುದಿಗೆ ಕಪ್ಪಗೆ ಮೀಸೆ ಬಂದಿದೆ! ಕಬ್ಬಿಣದ ಪುಡಿ ಆಯಸ್ಕಾಂತಕ್ಕೆ ಕಚ್ಚಿಕೊಂಡು, ಎಂಜಿನ್ನಿನ ಎಣ್ಣೆಯ ಜೊತೆ ಕಲೆತು ಮೆತ್ತಿಕೊಂಡಿತ್ತು. ಎದುರಿಗೆ ಹಲ್ಲು ಹಾದದ್ದು ಇದಕ್ಕೆ ನೆಟ್ಟಗೆ ತಿಳಿಯುವುದಾದರೂ ಹೇಗೆ? ಓಡಿಹೋಗಿ ಬೀರುವಿನ ಬಾಗಿಲ ಮೇಲೆ ಬೆರಳಾಡಿಸಿದೆ. ಬೆರಳು ಕಪ್ಪಾಯಿತು. ಅಸಲಿಯೋ ನಕಲಿಯೋ ಎಂದು ಪರೀಕ್ಷೆ ಮಾಡುತ್ತಾ ಮಾಡುತ್ತಾ ನಾನೇ ಕೈಯಾರೆ ಎರಡು ಹೊಸ ಸೆನ್ಸರುಗಳನ್ನು ಕೆಡಿಸಿದ್ದೆ. ಅಪ್ಪನ ಕಾಲದಲ್ಲಿ ಗ್ರೈಂಡರು ಬೀರುವಿನ ಹತ್ತಿರ ಇರಲಿಲ್ಲವಲ್ಲ. ಸರಿಸಿದವಳು ನಾನು, ಇವನ ಕುರ್ಚಿಗೆ ಜಾಗ ಮಾಡಲು.

ಬಟ್ಟೆಯಿಂದ ಒರೆಸಹೋದೆ. ಒರೆಸಿದಷ್ಟೂ ಪುಡಿ ಈ ಪಕ್ಕದಿಂದ ಆ ಪಕ್ಕಕ್ಕೆ ಓಡಿತು. ತಮ್ಮ ಎಡಗೈ ಚಾಚಿದ. ಕೊಟ್ಟೆ. ಸೆನ್ಸರನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡ, ಕರೆಂಟಿನವರ ಅಂಟುಟೇಪು ಕೇಳಿ ಇಸಕೊಂಡ, ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದ, ಅಂಟಿನ ಮೈಯನ್ನು ತುದಿಗೆ ಒತ್ತಿ ಒತ್ತಿ ಎತ್ತಿದ. ಒಂದೊಂದು ಸಲ ಎತ್ತಿದಾಗಲೂ ಮೀಸೆ ಸ್ವಲ್ಪ ಸ್ವಲ್ಪ ಟೇಪಿಗೆ ಬಂತು. ಕೊನೆಗೆ ತುದಿ ಫಳಫಳ ಹೊಳೆಯಿತು. ತಲೆ ಎತ್ತಿ ನನ್ನ ಕಡೆ ಬೀಗಿಕೊಂಡು ನೋಡಿದ. ಆ ಮುಖವನ್ನು ಎಷ್ಟೋ ದಿನದಿಂದ ನೋಡಿರಲಿಲ್ಲ.

ಕೆಲಸ ಮುಗಿಸಿ ಕಾರನ್ನು ಓಡಿಸಿಕೊಂಡು ಹೋದೆ, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ಎಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಸುತ್ತಿದೆವು. ನಿಲ್ಲಲಿಲ್ಲ. ಪುಣ್ಯ.

ಜುಲೈ 22, ಮಂಗಳವಾರ

ಟೀಚರಿಗೆ ಕಾರು ಕೊಟ್ಟೆ, ತಪ್ಪು ನನ್ನದೇ ಎಂದೂ ಹೇಳಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಕಾರಿನ ಚಿಂತೆಯೇ ಇಲ್ಲ. ತಮ್ಮ ಅಷ್ಟೊಂದು ಮಾತು ಹೇಗೆ ಆಡಿದ ಎಂಬುದೇ ದೊಡ್ಡ ವಿಷಯ. "ಒಟ್ಟಿಗೆ ಅಷ್ಟೂ ಹೇಳಿದ್ರಾ? ಹೇಗೆ ಹೇಳಿದ್ರಿ?" ಎಂದು ಅವನನ್ನೇ ಕೇಳಿದರು.

"ಅಕ್ಕನ… ಬಾಯಲ್ಲಿ… ಟಾರ್ಚ್… ಇತ್ತು" ಎಂದ.

ಟೀಚರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಮುಖ ಊದಿಸಿಕೊಂಡೆ. ಅಷ್ಟೊಂದು ಬಾಯಿಬಡುಕಿಯಾ ನಾನು? ಆದರೆ ಪಾಠ ನಡೆಯುವಾಗ ಎಣ್ಣೆ ಬದಲಾಯಿಸುತ್ತಾ ಕಿವಿ ಅತ್ತಲೇ ಇಟ್ಟಿದ್ದೆ. ಅವನು ಸುಮ್ಮನಾದಾಗ ಟೀಚರು ಏನೂ ಮಾಡುವುದಿಲ್ಲ, ಅವನ ಮುಖ ನೋಡುತ್ತಾ ಕೂತಿರುತ್ತಾರೆ. ಹುಬ್ಬು ಗಂಟಿಕ್ಕಿದ್ದರೆ ಇನ್ನೂ ಹುಡುಕುತ್ತಿದ್ದಾನೆ ಎಂದರ್ಥ. ಕಣ್ಣು ಗೋಡೆಗೆ ಹೋದರೆ ಕೈಬಿಟ್ಟ ಎಂದರ್ಥ. ನಾನೂ ಮೊದಲೇ ನೋಡಿರಬಹುದು, ಗಮನಿಸಿರಲಿಲ್ಲ ಅಷ್ಟೆ.

ಗ್ಯಾರೇಜು ಕೊಡುವ ವಿಷಯ ಹೇಳಿದ ದಿನ ಅವನ ಕಣ್ಣು ಎಲ್ಲಿತ್ತು? ಎಷ್ಟು ನೆನೆದರೂ ನೆನಪಾಗಲಿಲ್ಲ. ನಾನು ಅವನ ಮುಖವನ್ನೇ ನೋಡಿರಲಿಲ್ಲ ಅನ್ನಿಸುತ್ತದೆ.

ಜುಲೈ 24, ಗುರುವಾರ

ಗ್ರೈಂಡರನ್ನು ಹಿಂಬಾಗಿಲ ಹೊರಗೆ ಸಾಗಿಸಿದೆ. ಬೀರು ತೊಳೆದೆ. ಹೊಸ ಸೆನ್ಸರುಗಳು ಇನ್ನು ಮುಂದೆ ಅವುಗಳ ಡಬ್ಬಿಯಲ್ಲೇ ಇರಲಿ. ತಮ್ಮನ ಕುರ್ಚಿಯ ಎದುರಿಗೆ ಒಂದು ತಗ್ಗು ಮೇಜು ಹಾಕಿದೆ, ಎಡಗೈಗೆ ಸಿಗುವ ಹಾಗೆ ಸಲಕರಣೆ ಜೋಡಿಸಿದೆ. ಸುಮ್ಮನೆ, ಹೊತ್ತುಹೋಗಲಿ ಎಂದು.

ಜುಲೈ 28, ಸೋಮವಾರ

ಬೆಳಗ್ಗೆ ಟೀ ಕೊಟ್ಟೆ. ಲೋಟ ಹಿಡಿದುಕೊಂಡು ಅವನು ಏನೋ ಶುರುಮಾಡಿದ.

"ಟೀಗೆ… ನೀನು… ಸಕ್ಕರೆ… ಜಾಸ್ತಿ ಹಾಕ್ತೀಯ. ದಿನಾ."

"ಅಯ್ಯೋ ಮಾರಾಯಾ, ಇಷ್ಟು ದಿನ ಹೇಳ್ಬಾರ್ದಾ?" ಎಂದೆ.

"ಹೇಳ್ತಾನೇ… ಇದ್ದೆ."

ನಕ್ಕುಬಿಟ್ಟೆವು. ಅಷ್ಟರಲ್ಲಿ ಟೀ ಆರಿತ್ತು, ಹಾಗೇ ಕುಡಿದೆವು. ಒಂದು ಆಟೋದ ಹಾರ್ನು ಕೂಗುತ್ತಿರಲಿಲ್ಲ, ಅದನ್ನು ಇವನು ಎಡಗೈಯಲ್ಲೇ ಸರಿಮಾಡಿದ. ನಾನಾಗಿದ್ದರೆ ಬೇಗ ಮಾಡುತ್ತಿದ್ದೆ, ಆದರೆ ಇಷ್ಟು ಅಚ್ಚುಕಟ್ಟಾಗಿ ಅಲ್ಲ.

ಜುಲೈ 31, ಗುರುವಾರ

ಟೈರ್ ಅಂಗಡಿ ಸಾಹುಕಾರರು ಹೇಳಿದ ಹಾಗೆ ಬಂದರು. ಏನು ಹೇಳಬೇಕೆಂದು ಬೆಳಗ್ಗೆಯಿಂದ ಯೋಚಿಸಿ ಯೋಚಿಸಿ ನನಗೆ ಊಟವೂ ಸೇರಿರಲಿಲ್ಲ. ಒಬ್ಬಳಿಂದ ಆಗದು ಎಂಬುದೂ ನಿಜ. ಆದರೆ ಇವನು ಮೇಜಿನ ಮುಂದೆ ವೈರು ಸುಲಿಯುತ್ತಾ ಕೂತಿದ್ದಾನೆ, ಅದೂ ನಿಜ.

"ಏನಕ್ಕಾ, ತೀರ್ಮಾನ ಆಯ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಎಡಗೈ ಎತ್ತಿದ. "ನಾನು…" ಎಂದ.

"ಹೌದಪ್ಪಾ, ನೀನು ರೆಸ್ಟ್ ತಗೋಬೇಕು. ಗೊತ್ತು, ಗೊತ್ತು" ಎಂದರು ಸಾಹುಕಾರರು.

"ಅಲ್ಲ… ನಾನು…"

"ನಿನಗೂ ಒಪ್ಪಿಗೆ ಅಂತ ಅಕ್ಕ ಹೇಳಿದಾರೆ ಬಿಡು. ಸುಮ್ನೆ ಯಾಕೆ ಆಯಾಸ ಮಾಡ್ಕೋತೀಯ?"

ನನಗೆ ಎಲ್ಲಿತ್ತೋ ಸಿಟ್ಟು. "ಸ್ವಲ್ಪ ತಾಳಿ ಸಾಹುಕಾರ್ರೇ! ಅವನು ಮಾತಾಡ್ತಿದಾನಲ್ಲ? ಇನ್ನೊಬ್ರ ಮಾತಿನ ಮಧ್ಯ ಬಾಯಿ ಹಾಕೋದು ಎಂಥ ಅಭ್ಯಾಸ ನಿಮ್ದು?"

ಅವರು ತಬ್ಬಿಬ್ಬಾದರು. ಹೊರಗೆ ಒಂದು ಲಾರಿ ಹೋಯಿತು. ಸಾಹುಕಾರರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು, ಗಡಿಯಾರ ನೋಡಿಕೊಂಡರು, ನನ್ನನ್ನು ನೋಡಿದರು. ನಾನು ಅವನ ಮುಖ ನೋಡುತ್ತಿದ್ದೆ. ಹುಬ್ಬು ಗಂಟಿಕ್ಕಿತ್ತು. ಹುಡುಕುತ್ತಿದ್ದ. ಹುಡುಕಲಿ ಎಂದು ನಿಂತೆ.

"ನಾನು… ಇಲ್ಲೇ… ಕೂತ್ಕೊಂಡು… ಕೆಲ್ಸ ಮಾಡ್ತೀನಿ. ಅಕ್ಕನ ಜೊತೆ." ಉಸಿರು ತೆಗೆದುಕೊಂಡ. "ಗ್ಯಾರೇಜ್… ಕೊಡಲ್ಲ."

ಸಾಹುಕಾರರು ನನ್ನ ಕಡೆ ತಿರುಗಿದರು. "ನೀವೇನಂತೀರಕ್ಕಾ?"

"ಅವನು ಹೇಳಿದ್ನಲ್ಲ" ಎಂದೆ.

ಅವರು ಬೇಸರವೇನೂ ಮಾಡಿಕೊಳ್ಳಲಿಲ್ಲ. ಹೋಗುವಾಗ, ನನ್ನ ಗಾಡಿಯ ಸೆಲ್ಫ್ ಸ್ಟಾರ್ಟರೂ ಎಳೆಯುತ್ತಿಲ್ಲ, ನಾಳೆ ತರುತ್ತೇನೆ ಎಂದರು. ಒಳ್ಳೆಯ ಮನುಷ್ಯರೇ. ಆದರೆ ಎದುರಿನವನು ಮಾತು ಮುಗಿಸುವ ತನಕ ತಾಳಿಕೊಳ್ಳಲಾಗದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅವರು ಹೋದ ಮೇಲೆ ತಮ್ಮ ನನ್ನನ್ನೇ ನೋಡಿ ನಗುತ್ತಿದ್ದ.

"ಏನೋ?" ಎಂದೆ.

"ಇವತ್ತು… ಟಾರ್ಚ್… ಇರ್ಲಿಲ್ಲ."

ಜೇಬು ಮುಟ್ಟಿ ನೋಡಿಕೊಂಡೆ. "ಇದೆಯಲ್ಲೋ, ಇಲ್ಲೇ ಇದೆ" ಎಂದು ತೆಗೆದು ತೋರಿಸಿದೆ.

ಅವನು ಇನ್ನೂ ಜೋರಾಗಿ ನಕ್ಕ, ಮೇಜಿನ ಮೇಲಿನ ವೈರೆಲ್ಲ ಕೆಳಗೆ ಬೀಳುವಷ್ಟು. ಅದರಲ್ಲಿ ನಗುವಂಥದ್ದೇನಿತ್ತೋ ನನಗಂತೂ ತಿಳಿಯಲಿಲ್ಲ. ಅವನು ನಗುವುದನ್ನು ನೋಡಿ ನಾನೂ ನಕ್ಕೆ.